ಬಾಳೆ ಮೀನು ನಮ್ಮ ಹೊಳೆಯದು

ಮೊನ್ನೆ ಊಟದ ಹೊತ್ತಿಗೆ ಕ್ಯಾಟ್‌ಫಿಶ್, ಅಂದರೆ ಮೀಸೆ ಮೀನಿನ ಮಾತು ಬಂತು. ತಂಗಿಯ ಮಗ ಮುಖ ಕಿವುಚಿ, "ಕೋಳಿ ಕರುಳು ಹಾಕಿ ಸಾಕ್ತಾರಲ್ಲ ಮಾಮ, ಅದಾ?" ಎಂದ. ಅವನ ತಪ್ಪಲ್ಲ. ಹೊಂಡಗಳಲ್ಲಿ ಕದ್ದುಮುಚ್ಚಿ ಸಾಕುವ ಆಫ್ರಿಕನ್ ಕ್ಯಾಟ್‌ಫಿಶ್ ಸುದ್ದಿಯನ್ನೇ ಅವನು ನೋಡಿರುವುದು. ಅದನ್ನು ಸಾಕಬಾರದೆಂದು 2000ದಿಂದಲೇ ದೇಶದಲ್ಲಿ ನಿಷೇಧವಿದೆ. ನಮ್ಮ ಹೊಳೆಯ ಬಾಳೆಯೂ ಕ್ಯಾಟ್‌ಫಿಶ್ಶೇ. ಆದರೆ ಮೀಸೆ ಇರುವ ಮೀನೆಲ್ಲ ಅದೇ ಅಂದುಕೊಂಡರೆ ಬಾಳೆ ಮೀನಿಗೆ ದೊಡ್ಡ ಅನ್ಯಾಯ.

ನಾನು ಹೊನ್ನಾಳಿ ಕಡೆಯವನು, ತುಂಗಭದ್ರೆ ದಂಡೆಯಲ್ಲಿ ಬೆಳೆದವನು. ಮೊದಲ ಸಲ ಬಾಳೆ ನೋಡಿದಾಗ ಆರನೇ ಕ್ಲಾಸು. ಹರಿಗೋಲಿನಿಂದ ಇಳಿಸಿ ನಿಲ್ಲಿಸಿದರೆ ನನ್ನ ಎದೆಮಟ್ಟಕ್ಕಿತ್ತು. ಮೈಮೇಲೆ ಒಂದು ಹುರುಪೆ ಇಲ್ಲ. ಬೆಳ್ಳಗೆ, ಚಪ್ಪಟೆಯಾಗಿ, ಬಿಚ್ಚಿದ ಕತ್ತಿಯ ಹಾಗೆ. ಬಾಯಿ ಕಣ್ಣಿಗಿಂತ ಹಿಂದಕ್ಕೆ ಸೀಳಿಕೊಂಡಿತ್ತು. ನಾಲ್ಕು ಮೀಸೆ, ಅದರಲ್ಲಿ ಎರಡು ಹೊಟ್ಟೆ ತನಕ ಉದ್ದ. ಬೆನ್ನಿನ ರೆಕ್ಕೆ ಒಂದು ಚೂರು, ಕೆಳಗಿನ ರೆಕ್ಕೆ ಮಾತ್ರ ಸೀರೆಯ ಅಂಚಿನಂತೆ ಬಾಲದವರೆಗೂ. "ಬಾಯಾಗ ಕೈ ಇಟ್ಟೀಯ ತಮ್ಮಾ, ಅರ ಇದ್ದಂಗೈತಿ" ಎಂದರು ಹಿಡಿದ ಅಜ್ಜ.

ಆ ಹಲ್ಲಿನ ಮಾತು ಎಷ್ಟು ಹಳೆಯದೆಂದು ಬಹಳ ವರ್ಷದ ಮೇಲೆ ಗೊತ್ತಾಯಿತು. ಸಂಸ್ಕೃತದಲ್ಲಿ ಈ ಮೀನು ಪಾಠೀನ. ಅಮರಕೋಶ ಅದರ ಜೊತೆಗೇ ಇನ್ನೊಂದು ಹೆಸರು ಕೊಡುತ್ತದೆ, ಸಹಸ್ರದಂಷ್ಟ್ರ. ಸಾವಿರ ಹಲ್ಲಿನದು! ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದ ತನ್ನ ಮಾನಸೋಲ್ಲಾಸದಲ್ಲಿ ಮೀನು ಹಿಡಿಯುವುದಕ್ಕೇ ಒಂದು ಭಾಗ ಇಟ್ಟ. ಹುರುಪೆ ಇರುವುದು, ಇಲ್ಲದ್ದು, ಕಡಲಿನದು, ಹೊಳೆಯದು ಎಂದು ಬಿಡಿಸಿ ಹೇಳಿದ. ತಮಿಳರಿಗೆ ಇದು ವಾಳೈ, ತೆಲುಗರಿಗೆ ವಾಲುಗ. ವಲ್ಲಾಗೊ ಅಟ್ಟು ಎಂಬ ವೈಜ್ಞಾನಿಕ ಹೆಸರೂ ನಮ್ಮ ದಕ್ಷಿಣದವರ ಬಾಯಿಂದಲೇ ಹೋದದ್ದು.

ಹಗಲೆಲ್ಲ ಮಡುವಿನ ತಳದಲ್ಲೋ ದಂಡೆಯ ಪೊಟರೆಯಲ್ಲೋ ಬಿದ್ದಿರುತ್ತದೆ. ಕತ್ತಲಾದರೆ ಬೇಟೆ. ಮರಿಯಿದ್ದಾಗ ಹುಳು, ಬೆಳೆದ ಮೇಲೆ ಮೀನು, ಸೀಗಡಿ, ಕಪ್ಪೆ. ಗಾಳಕ್ಕೆ ಕಪ್ಪೆ ಸಿಕ್ಕಿಸುವುದು ಇದಕ್ಕೇ. ಎರಡು ಮೀಟರ್ ದಾಟಿದ್ದೂ ಇತ್ತೆಂದು ಹಳೆಯ ಬರಹಗಳಿವೆ. ಈಗ ಒಂದು ಮೀಟರಿನದು ಸಿಕ್ಕರೆ ಜನ ಫೋಟೋ ತೆಗೆಸಿಕೊಳ್ಳುತ್ತಾರೆ.

ಮೀನು ಸಾಕಣೆಯ ಪಾಠದಲ್ಲಿ ಬಾಳೆ ಅಂದರೆ ಶತ್ರು. ಕಾಟ್ಲಾ, ರೋಹು ಮರಿ ಬಿಡುವ ಮೊದಲು ಹಿಪ್ಪೆ ಹಿಂಡಿ ಹಾಕಿ ಇಂಥ ಮೀನನ್ನೆಲ್ಲ ಕೊಲ್ಲಬೇಕು. ಹೊಂಡಕ್ಕೆ ಅದು ಸರಿಯೇ, ರೈತ ದುಡ್ಡು ಸುರಿದಿರುತ್ತಾನೆ. ಆದರೆ ಹೊಂಡದ ಲೆಕ್ಕವನ್ನೇ ಹೊಳೆಗೂ ಹಚ್ಚಿಬಿಟ್ಟೆವಲ್ಲ, ನನಗೆ ಸಿಟ್ಟು ಬರುವುದು ಅಲ್ಲಿ. ಕಾಟ್ಲಾ, ರೋಹು ಗಂಗೆಯ ಕಡೆಯಿಂದ ಬಂದವು. ಬಾಳೆ ಇಲ್ಲಿಯದೇ. ನಂಟರಿಗೆ ಮಣೆ ಹಾಕಿ ಮನೆಯವನನ್ನು ಕಳ್ಳ ಅನ್ನುತ್ತಿದ್ದೇವೆ. ಹೊಳೆಗೆ ಬೇಟೆಗಾರ ಬೇಡವಾ? ಕಾಡಿಗೆ ಹುಲಿ ಬೇಕು ಅನ್ನುವ ನಾವು ನೀರಿನ ವಿಷಯದಲ್ಲಿ ಯಾಕೆ ಹೀಗೆ?

ಮರಿ ಮಾಡಿಸಿ ಬಿಟ್ಟರಾಯ್ತು ಅನ್ನುವವರಿದ್ದಾರೆ. ಅಷ್ಟು ಸುಲಭವಲ್ಲ. ಒಂದೇ ತೊಟ್ಟಿಯಲ್ಲಿಟ್ಟರೆ ಮರಿಗಳು ಒಂದನ್ನೊಂದು ತಿಂದುಬಿಡುತ್ತವೆ. ಇದಕ್ಕೆ ಹೊಳೆಯೇ ಬೇಕು. ಹೊಳೆಯಲ್ಲಿ ಮರಳು ಬಾಚಿ ಬಾಚಿ ದಂಡೆ ಕುಸಿದಿದೆ, ಪೊಟರೆ ಹೋಗಿದೆ. ಶೃಂಗೇರಿ, ಶಿಶಿಲ, ಚಿಪ್ಪಲಗುಡ್ಡೆಯ ಮೀನಿಗೆ ದೇವರ ಕಾವಲಿದೆ. ಪುಣ್ಯ ಮಾಡಿದವು. ಬಾಳೆಗೆ ಯಾವ ದೇವರೂ ಇಲ್ಲ. ಅಳಿಯುತ್ತಿರುವ ಜೀವಿಗಳ ಲೆಕ್ಕ ಇಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಇದು ಅಳಿವಿನ ಅಪಾಯಕ್ಕೆ ಸಿಲುಕಿರುವ (ವಲ್ನರಬಲ್) ಮೀನು.

ಮುಂಗಾರಿನ ಮೊದಲ ಕೆಂಪು ನೀರು ಬಂದಾಗ ಬಾಳೆ ಮಡು ಬಿಟ್ಟು ಹೊರಡುತ್ತದೆ. ನೆರೆ ಹರಡಿದ ತೆಳು ನೀರಿನಲ್ಲಿ, ಹುಲ್ಲಿನ ನಡುವೆ ಮೊಟ್ಟೆ ಇಡುತ್ತದೆ. ಮಲೆನಾಡಿನವರು ಹತ್ತುಮೀನು ಅನ್ನುವುದು ಹೀಗೆ ಏರಿ ಬರುವ ಮೀನುಗಳಿಗೇ. ಬಲೆ, ಕತ್ತಿ, ಟಾರ್ಚು ಹಿಡಿದು ಊರೆಲ್ಲ ಕಾಯುವುದೂ ಆಗಲೇ. ನಾನೂ ಹೋಗಿದ್ದೇನೆ, ಆ ರಾತ್ರಿಗಳ ಸಂಭ್ರಮ ಗೊತ್ತಿದೆ. ಹೊಟ್ಟೆಪಾಡಿಗೆ ಬಲೆ ಹಾಕುವವರ ಮೇಲೆ ನನ್ನ ತಕರಾರಿಲ್ಲ. ಉಳಿದವರು ಆ ನಾಲ್ಕು ವಾರ ಸುಮ್ನೆ ಇದ್ದರೆ ಸಾಕು.

ಕಳೆದ ಜೂನ್‌ನಲ್ಲಿ ಊರ ಸಂತೆಯಲ್ಲಿ ಒಂದು ಬಾಳೆ ಕೊಯ್ಯುತ್ತಿದ್ದರು. ತೋಳುದ್ದದ್ದು. ಹೊಟ್ಟೆ ಸೀಳಿದರೆ ಎರಡೂ ಕಡೆ ಮೊಟ್ಟೆ ತುಂಬಿಕೊಂಡಿತ್ತು. ಮೀನು ಕೊಂಡವರು ಅದು ಬೇಡ ಎಂದರು. ಅಂಗಡಿಯವ ಕವರಿಗೆ ಹಾಕಿ ನನ್ನ ಕಡೆ ಚಾಚಿದ. "ತಗೊಳ್ರಿ ಅಣ್ಣಾ, ಪುಗಸಟ್ಟೆ."