ಇನ್‌ಸ್ಟಾಲ್ ಮಾಡೋದೂ ಕೆಲಸವೇ ಕಣ್ರೀ

"ಒಂದು ಸಾಫ್ಟ್‌ವೇರ್ ಹಾಕಿಕೊಳ್ಳೋಕೆ ಒಂದು ವಾರ ಬೇಕಾ?"

ಇವತ್ತು ಮೀಟಿಂಗ್‌ನಲ್ಲಿ ಹಿರಿಯರೊಬ್ಬರು ನಮ್ಮ ಜೊತೆ ಸಂಶೋಧನೆ ಮಾಡುತ್ತಿರುವ ಹುಡುಗಿಗೆ ಕೇಳಿದ ಮಾತು ಇದು. ಎಲ್ಲರ ಎದುರಿಗೇ. ಆಕೆ ತಲೆ ತಗ್ಗಿಸಿಕೊಂಡು "ಇವತ್ತು ಮುಗಿಸ್ತೀನಿ ಸರ್" ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಅಲ್ಲೇ ಹೇಳಬೇಕಾದ್ದನ್ನು ಹೇಳಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಇಲ್ಲೂ ಬರೆಯುತ್ತಿದ್ದೇನೆ.

ಆ ವಾರದಲ್ಲಿ ಆಕೆ ಏನು ಮಾಡಿದಳು ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ಗೊತ್ತಾಗುತ್ತಿತ್ತು.

ಆಕೆ ಹಾಕಿಕೊಳ್ಳಬೇಕಿದ್ದದ್ದು ಓಪನ್‌ಫೋಮ್. ಗಾಳಿ, ನೀರು ಹೇಗೆ ಹರಿಯುತ್ತವೆ ಅಂತ ಲೆಕ್ಕ ಹಾಕೋ ಉಚಿತ ಸಾಫ್ಟ್‌ವೇರ್. ಲ್ಯಾಪ್‌ಟಾಪ್‌ನಲ್ಲಿ ಅದನ್ನು ಹಾಕಿಕೊಳ್ಳೋದು ಸುಲಭ. ಉಬುಂಟು ಅನ್ನೋ ಲಿನಕ್ಸ್ ಇದ್ದರೆ ಒಂದೆರಡು ಕಮಾಂಡ್, ಮುಗಿಯಿತು. ಕ್ಯಾವಿಟಿ ಅನ್ನೋ ಮೊದಲ ಪಾಠದಲ್ಲಿ ಇರೋದು ಬರೀ 400 ಸೆಲ್, ಅಂದರೆ ಲೆಕ್ಕಕ್ಕೆ ಅಂತ ಜಾಗವನ್ನು ಕತ್ತರಿಸಿದ ಸಣ್ಣ ತುಂಡುಗಳು. ಕಣ್ಣು ಮಿಟುಕಿಸೋದರಲ್ಲಿ ಓಡಿ ಮುಗಿಯುತ್ತದೆ. ಆದರೆ ಅಲ್ಲೂ ಒಂದು ಕೊಕ್ಕೆ ಇದೆ. ಓಪನ್‌ಫೋಮ್ ಅನ್ನೋ ಹೆಸರಿನಲ್ಲಿ ಎರಡು ಮುಖ್ಯ ಕವಲುಗಳಿವೆ. ಒಂದರಲ್ಲಿ ವರ್ಷನ್ 10, 11, 12 ಅಂತ ಬರುತ್ತದೆ. ಇನ್ನೊಂದರಲ್ಲಿ ವರ್ಷ, ತಿಂಗಳು ಸೇರಿಸಿ 2312, 2406 ಅಂತ ಬರುತ್ತದೆ. ಮೊದಲನೆಯದರಲ್ಲಿ 2023ರ ವರ್ಷನ್ 11ರಿಂದ ಸಾಲ್ವರ್ (ಸಮೀಕರಣ ಬಿಡಿಸೋ ಪ್ರೋಗ್ರಾಂ) ಓಡಿಸೋ ರೀತಿಯೇ ಬೇರೆಯಾಯಿತು. ಸಿಂಪಲ್‌ಫೋಮ್‌ನಂಥ ಕಮಾಂಡ್‌ಗಳ ಜಾಗಕ್ಕೆ ಫೋಮ್‌ರನ್ ಬಂತು. ಹಳೇ ವಿಡಿಯೋ ನೋಡಿಕೊಂಡು ಹೊಸ ವರ್ಷನ್‌ನಲ್ಲಿ ಕೂತವರಿಗೆ ಇದನ್ನು ಯಾರು ಹೇಳುತ್ತಾರೆ? ಯಾರೂ ಹೇಳೋದಿಲ್ಲ.

ನಿಜವಾದ ಗೋಳು ಶುರುವಾಗೋದು ಎಲ್ಲರೂ ಹಂಚಿಕೊಂಡು ಬಳಸೋ ದೊಡ್ಡ ಸರ್ವರ್‌ನಲ್ಲಿ. ಅಲ್ಲಿ ನಿಮಗೆ ಸುಡೋ, ಅಂದರೆ ಅಡ್ಮಿನ್ ಅಧಿಕಾರ, ಇಲ್ಲ. ಆಪರೇಟಿಂಗ್ ಸಿಸ್ಟಮ್ ಹಳೆಯದು. ಸೆಂಟೋಸ್ 7 ಅನ್ನೋ ಲಿನಕ್ಸ್‌ಗೆ ಬೆಂಬಲ ನಿಂತಿದ್ದು 2024ರ ಜೂನ್ 30ಕ್ಕೆ. ಆದರೂ ಎಷ್ಟೋ ಕಡೆ ಅದೇ ಓಡುತ್ತಿದೆ. ಅದರ ಜಿಲಿಬ್‌ಸಿ (ಪ್ರೋಗ್ರಾಂಗಳೆಲ್ಲ ನೆಚ್ಚಿಕೊಳ್ಳೋ ಮೂಲ ಲೈಬ್ರರಿ) 2.17, ಉಬುಂಟು 22.04ರದ್ದು 2.35. ಲ್ಯಾಪ್‌ಟಾಪ್‌ನಲ್ಲಿ ಕಂಪೈಲ್ ಆದದ್ದನ್ನು (ಕೋಡ್‌ನಿಂದ ಪ್ರೋಗ್ರಾಂ ಆಗಿ ತಯಾರಾದದ್ದನ್ನು) ಹಾಗೇ ಕಾಪಿ ಮಾಡಿದರೆ ಸರ್ವರ್‌ನಲ್ಲಿ ಓಡೋದೇ ಇಲ್ಲ. ಹಾಗಾಗಿ ತನ್ನ ಹೋಮ್ ಫೋಲ್ಡರ್‌ನಲ್ಲೇ ಮೊದಲಿಂದ ಕಂಪೈಲ್ ಮಾಡಬೇಕು. ಅಲ್ಲಿರೋ ಕಂಪೈಲರ್, ಜಿಸಿಸಿ 4.8.5, ಈಗಿನ ಕೋಡ್‌ಗೆ ಸಾಲೋದಿಲ್ಲ. ಹೊಸ ಜಿಸಿಸಿಯ ಮಾಡ್ಯೂಲ್ (ಸರ್ವರ್‌ನಲ್ಲಿ ಮೊದಲೇ ಹಾಕಿಟ್ಟ ಪ್ರತಿ) ಯಾವುದಿದೆ ಅಂತ ಹುಡುಕಬೇಕು. ಆಮೇಲೆ ಗಂಟೆಗಟ್ಟಲೆ ಕಂಪೈಲ್.

ಇಷ್ಟೆಲ್ಲ ದಾಟಿದ ಮೇಲೆ ಆಕೆಗೆ ಸಿಕ್ಕಿದ್ದು "ಅಟೆಂಪ್ಟ್ ಟು ರನ್ ಪ್ಯಾರಲಲ್ ಆನ್ 1 ಪ್ರೊಸೆಸರ್" ಅನ್ನೋ ಎರರ್. ಆಕೆ ಕೇಳಿದ್ದು 32 ಕೋರ್, ಅದು ಹೇಳೋದು ಒಂದೇ ಪ್ರೊಸೆಸರ್ ಅಂತ. ತಪ್ಪು ಎಲ್ಲಿತ್ತು ಗೊತ್ತಾ? ಪೈಥಾನ್‌ಗೆ ಅಂತ ಯಾವಾಗಲೋ ಅನಕೊಂಡಾ ಅನ್ನೋ ಪ್ಯಾಕೇಜ್ ಹಾಕಿಕೊಂಡಿದ್ದಳು. ಅದರೊಳಗೆ ಸೇರಿಕೊಂಡಿದ್ದ ಎಂಪಿಐರನ್ (ಎಂಪಿಐ ಅಂದರೆ ಹಲವು ಪ್ರೋಸೆಸ್‌ಗಳು ಪರಸ್ಪರ ಮಾತಾಡಿಕೊಳ್ಳೋ ವ್ಯವಸ್ಥೆ, ಎಂಪಿಐರನ್ ಅವನ್ನು ಶುರುಮಾಡೋ ಕಮಾಂಡ್) ಪಾತ್‌ನಲ್ಲಿ, ಅಂದರೆ ಕಮಾಂಡ್ ಹುಡುಕೋ ಫೋಲ್ಡರ್‌ಗಳ ಪಟ್ಟಿಯಲ್ಲಿ, ಮುಂದೆ ಕೂತಿತ್ತು. ಓಪನ್‌ಫೋಮ್ ಕಂಪೈಲ್ ಆಗಿದ್ದು ಇನ್ನೊಂದು ಎಂಪಿಐ ಜೊತೆ. ಒಂದರ ಮಾತು ಇನ್ನೊಂದಕ್ಕೆ ಗೊತ್ತಾಗದೆ, 32 ಪ್ರೋಸೆಸ್‌ಗಳಲ್ಲಿ ಪ್ರತಿಯೊಂದೂ ನಾನೊಬ್ಬನೇ ಇದ್ದೀನಿ ಅಂದುಕೊಂಡು ಎದ್ದವು. 'ವಿಚ್ ಎಂಪಿಐರನ್' ಅಂತ ಕೇಳಿ ನೋಡಿ ಅದನ್ನು ಕಂಡುಹಿಡಿದದ್ದು ಆಕೆಯೇ. ಯಾರೂ ಹೇಳಿಕೊಟ್ಟಿರಲಿಲ್ಲ. ಇದನ್ನು ಕಂಡುಹಿಡಿಯೋ ಬುದ್ಧಿ ಇರುವವಳನ್ನು ಹಿಡಿದು ವಾರ ಬೇಕಾ ಅಂತ ಕೇಳುತ್ತೀರಲ್ಲ, ನ್ಯಾಯವಾ?

ನಿನ್ನೆಯಿಂದ ಇನ್ನೊಂದು ತಲೆನೋವು. ಆಕೆಯ ಕೋಟಾ ತುಂಬಿದೆ. ಜಿಬಿ ಲೆಕ್ಕದಲ್ಲಿ ಜಾಗ ಇದೆ, ಫೈಲ್‌ಗಳ ಸಂಖ್ಯೆಯ ಮಿತಿ ಮುಗಿದಿದೆ. ನೀವೇ ಲೆಕ್ಕ ಹಾಕಿ. ಕೇಸ್ ಅನ್ನು, ಅಂದರೆ ಓಡಿಸಬೇಕಾದ ಲೆಕ್ಕವನ್ನು, 128 ಭಾಗ ಮಾಡಿ, ಆರು ಫೀಲ್ಡ್ (ಒತ್ತಡ, ವೇಗದಂಥವು) ಇಟ್ಟುಕೊಂಡು, 50 ಸಲ ರಿಸಲ್ಟ್ ಬರೆಸಿದರೆ 38,400 ಫೈಲ್. ಇದಕ್ಕೆ ಕೊಲೇಟೆಡ್ ಅನ್ನೋ ವ್ಯವಸ್ಥೆ 2017ರಿಂದಲೇ ಇದೆ. ಫೈಲ್‌ಗಳನ್ನೆಲ್ಲ ಒಟ್ಟುಗೂಡಿಸಿ ಬರೆಯುತ್ತದೆ. ಆದರೆ ಹೊಸಬರಿಗೆ ಅದು ಇದೆ ಅಂತಲೇ ಗೊತ್ತಿರೋದಿಲ್ಲ. ಇನ್ನು ಪ್ಯಾರಾವ್ಯೂ ಅನ್ನೋ ಪ್ರೋಗ್ರಾಂನಲ್ಲಿ ರಿಸಲ್ಟ್ ಚಿತ್ರವಾಗಿ ನೋಡಬೇಕಾದರೆ ಸರ್ವರ್ ಕಡೆಯ ವರ್ಷನ್ನೂ ಲ್ಯಾಪ್‌ಟಾಪ್ ಕಡೆಯ ವರ್ಷನ್ನೂ ಹೊಂದಬೇಕು. ಅದು ಬೇರೆ ಕಥೆ.

ದುಡ್ಡು ಕೊಟ್ಟು ಕಮರ್ಷಿಯಲ್ ಸಾಫ್ಟ್‌ವೇರ್ ತಗೊಂಡರೆ ಈ ರಗಳೆ ಇಲ್ಲ ಅಂದರು ಒಬ್ಬರು. ಇಲ್ಲ ಅಂತ ಯಾರು ಹೇಳಿದ್ದು? ಅಂಥ ಸಾಫ್ಟ್‌ವೇರ್‌ಗೆ ಪರವಾನಗಿ ಕೊಡೋ ಫ್ಲೆಕ್ಸ್‌ಎಲ್‌ಎಂ ಲೈಸೆನ್ಸ್ ಸರ್ವರ್ ನೋಡಿಕೊಂಡವರನ್ನು ಕೇಳಿ. ಮುಖ್ಯ ಪೋರ್ಟ್ (ನೆಟ್‌ವರ್ಕ್ ಬಾಗಿಲಿನ ನಂಬರ್) ಗೊತ್ತಿರುತ್ತದೆ, ಫೈರ್‌ವಾಲ್‌ನಲ್ಲಿ ಅದನ್ನು ತೆರೆಸುತ್ತಾರೆ. ಅದರ ಹಿಂದೆ ವೆಂಡರ್ ಡೀಮನ್ ಅಂತ ಇನ್ನೊಂದು ಪ್ರೋಗ್ರಾಂ ಇರುತ್ತದೆ. ಲೈಸೆನ್ಸ್ ಫೈಲ್‌ನಲ್ಲಿ ಅದಕ್ಕೂ ಪೋರ್ಟ್ ನಂಬರ್ ಬರೆದಿಡದಿದ್ದರೆ ಶುರುವಾದಾಗಲೆಲ್ಲ ತನಗೆ ತೋಚಿದ ಪೋರ್ಟ್ ಹಿಡಿಯುತ್ತದೆ. ನಿನ್ನೆ ಓಡಿದ್ದು ಸರ್ವರ್ ರೀಸ್ಟಾರ್ಟ್ ಆದ ಮೇಲೆ ಇವತ್ತು ಓಡೋದಿಲ್ಲ. ಕೂತು ಸರಿಮಾಡಿದವರ ಹೆಸರು ಯಾವ ರಿಪೋರ್ಟ್‌ನಲ್ಲೂ ಬರೋದಿಲ್ಲ.

"ಕಷ್ಟಪಟ್ಟರೆ ತಾನೇ ಕಲಿಯೋದು" ಅನ್ನೋ ಮಾತೂ ಬಂತು. ಕಲಿಯುತ್ತಾರೆ, ಒಪ್ಪುತ್ತೇನೆ. ಆದರೆ ದಾರಿ ತೋರಿಸೋ ಒಬ್ಬರು ಇದ್ದಾಗ ಪಡೋ ಕಷ್ಟ ಬೇರೆ, ಕತ್ತಲಲ್ಲಿ ತಡಕಾಡೋದು ಬೇರೆ. ಒಂದು ಮಾತು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಓದುವಾಗ ಈ ವಿಷಯವನ್ನೇ ಬಿಟ್ಟುಬಿಡೋಣ ಅಂತ ಪತ್ರ ಬರೆದಿಟ್ಟಿದ್ದೆ. ಸಮೀಕರಣಗಳಿಗೆ ನಾನು ಯಾವತ್ತೂ ಹೆದರಿದವಳಲ್ಲ. ಲೈಬ್ರರಿ ಸಿಗುತ್ತಿಲ್ಲ ಅನ್ನೋ ಎರರ್ ನೋಡಿ ನೋಡಿ ನನಗೆ ತಲೆಯೇ ಇಲ್ಲ ಅಂತ ನಂಬಿಬಿಟ್ಟಿದ್ದೆ. ಸೀನಿಯರ್ ಅಕ್ಕ ಒಬ್ಬರು ಪಕ್ಕದಲ್ಲಿ ಕೂತು 'ಎಲ್‌ಡಿಡಿ' ಕಮಾಂಡ್ ತೋರಿಸಿದರು. ಪ್ರೋಗ್ರಾಂಗೆ ಯಾವ್ಯಾವ ಲೈಬ್ರರಿ ಬೇಕು, ಯಾವುದು ಸಿಗುತ್ತಿಲ್ಲ, ಎಲ್ಲ ಸಾಲಾಗಿ ಬಂತು. ಅಷ್ಟೇ. ಆ ಪತ್ರ ಕೊಡಲಿಲ್ಲ. ಅಕ್ಕ ಇಲ್ಲದವರು ಎಷ್ಟು ಜನ ಬಿಟ್ಟು ಹೋಗಿರಬಹುದು?

ಸಾಫ್ಟ್‌ವೇರ್ ಅನ್ನು ಬೇಕಾದ ಲೈಬ್ರರಿಗಳ ಸಮೇತ ಒಂದೇ ಗಂಟು ಕಟ್ಟಿಕೊಡೋ ಕಂಟೇನರ್ ಬಂದ ಮೇಲೆ ಇದೆಲ್ಲ ಹಳೇ ಮಾತು ಅನ್ನುತ್ತೀರಾ? ಕಂಟೇನರ್ ಒಳ್ಳೆಯದೇ, ನಾನೂ ಬಳಸುತ್ತೇನೆ. ಆದರೆ ಹಂಚಿಕೊಂಡು ಬಳಸೋ ಸರ್ವರ್‌ಗಳಲ್ಲಿ ಸಾಮಾನ್ಯವಾಗಿ ಡಾಕರ್ ಅನ್ನೋ ಕಂಟೇನರ್ ವ್ಯವಸ್ಥೆಗೆ ಬಿಡೋದಿಲ್ಲ, ರೂಟ್ (ಅಡ್ಮಿನ್) ಅಧಿಕಾರದ ಭಯ. ಆ ಅಧಿಕಾರ ಇಲ್ಲದೆ ಓಡೋ ಆಪ್ಟೈನರ್ ಬೇಕು. ಹಲವು ನೋಡ್‌ಗಳಲ್ಲಿ (ಜೋಡಿಸಿಟ್ಟ ಬೇರೆ ಬೇರೆ ಕಂಪ್ಯೂಟರ್‌ಗಳಲ್ಲಿ) ಓಡಿಸಬೇಕಾದರೆ ಒಳಗಿನ ಎಂಪಿಐ ಹೊರಗಿನದರ ಜೊತೆ ಹೊಂದಬೇಕು. ಅದನ್ನು ಹೊಂದಿಸೋರು ಯಾರು? ಮತ್ತೆ ಅದೇ ಹುಡುಗಿ, ಮತ್ತೆ ಅದೇ ಲೆಕ್ಕಕ್ಕೆ ಬಾರದ ಕೆಲಸ.

ನನ್ನ ತಕರಾರು ಇಷ್ಟೇ. ಮೆಶ್, ಅಂದರೆ ಸೆಲ್‌ಗಳ ಜಾಲ, ಮಾಡೋದಕ್ಕೆ ಪ್ಲಾನ್‌ನಲ್ಲಿ ದಿನ ಕೊಡುತ್ತೀರಿ. ಪೇಪರ್ ಬರೆಯೋದಕ್ಕೆ ಕೊಡುತ್ತೀರಿ. ಸೆಟಪ್‌ಗೆ ಯಾಕೆ ಕೊಡೋದಿಲ್ಲ? ಸೆಟಪ್ ತಪ್ಪಿದ್ದರೆ ರಿಸಲ್ಟ್ ನಂಬೋದು ಹೇಗೆ? ಹೊಸದಾಗಿ ಹಾಕಿದ ಮೇಲೆ ಒಂದೇ ಕೇಸ್ ಅನ್ನು ಒಂದು ಕೋರ್‌ನಲ್ಲೂ ಹಲವು ಕೋರ್‌ನಲ್ಲೂ ಓಡಿಸಿ, ಲ್ಯಾಪ್‌ಟಾಪ್‌ನ ಉತ್ತರದ ಜೊತೆ ಹೋಲಿಸಿ ನೋಡಬೇಕು. ಅದಕ್ಕೂ ಸಮಯ ಬೇಕು ಅಲ್ವಾ?

ನಮ್ಮ ಗುಂಪಿನ ಪ್ಲಾನ್‌ನಲ್ಲಿ ಇನ್ನು ಮುಂದೆ ಸೆಟಪ್‌ಗೆ ಬೇರೆ ದಿನಗಳು ಇರುತ್ತವೆ, ನಾನೇ ಬರೆಸುತ್ತೇನೆ. ಆ ಹುಡುಗಿ ಯಾವ ಮಾಡ್ಯೂಲ್, ಯಾವ ಜಿಸಿಸಿ, ಯಾವ ಎಂಪಿಐ, ಯಾವ ಕಮಾಂಡ್ ಅಂತ ಒಂದು ಫೈಲ್‌ನಲ್ಲಿ ಬರೆದಿಟ್ಟಿದ್ದಾಳೆ. ಅದು ಆಕೆಯ ಹೆಸರಿನಲ್ಲೇ ಗುಂಪಿನ ಫೋಲ್ಡರ್‌ಗೆ ಹೋಗುತ್ತದೆ, ಪೇಪರ್‌ನಲ್ಲೂ ಹೆಸರು ಬರುತ್ತದೆ. ಸರ್ವರ್ ನೋಡಿಕೊಳ್ಳುವ ಗೆಳೆಯರು ಈ ಪಟ್ಟಿಯಲ್ಲಿ ಸುಮಾರು ಜನ ಇದ್ದೀರಿ. ಲಾಗಿನ್ ಆದ ತಕ್ಷಣ ಕಾಣೋ ಹಾಗೆ ಯಾವ ಜಿಸಿಸಿ ಜೊತೆ ಯಾವ ಎಂಪಿಐ ಓಡುತ್ತದೆ ಅಂತ ನಾಲ್ಕು ಸಾಲು ಹಾಕಿಬಿಡಿ, ದಯವಿಟ್ಟು.