ನಿಧಿ ಸಿಕ್ಕಿತು, ಗುಂಡಿ ಕಾಣುತ್ತಿಲ್ಲ

ನೆಲದಡಿಯ ಲೋಹ ಹುಡುಕುವ ಮೆಟಲ್ ಡಿಟೆಕ್ಟರ್‌ಗೆ ಎಲ್‌ಇಡಿ ಕಟ್ಟಿಕೊಂಡು ರಾತ್ರಿ ಓಡಾಡುವವರ ವಿಡಿಯೊ ನೀವೂ ನೋಡಿರುತ್ತೀರಿ. ಕೋಲಿನ ತುಂಬಾ ಕಪ್ಪು ಟೇಪು, ಟೇಪಿನ ಸಂದಿಯಿಂದ ಇಣುಕುವ ವೈರು, ಯಾವುದೋ ಹಳೆ ಟಾರ್ಚಿನಿಂದ ಕಿತ್ತ ದೀಪ. ನೋಡಿದವರೆಲ್ಲ 'ಅಬ್ಬಾ, ಏನು ತಲೆ!' ಎನ್ನುತ್ತಾರೆ. ನನಗೂ ಮೆಚ್ಚುಗೆಯೇ. ಆದರೆ ಅದರಲ್ಲಿ ಅರ್ಧ ಪಾಲು ಡಿಟೆಕ್ಟರ್ ತಯಾರಿಸಿದವರಿಗೆ ಸಲ್ಲಬೇಕು. ಅವರೇ ದೀಪ ಕೊಟ್ಟುಬಿಟ್ಟಿದ್ದರೆ ಇಷ್ಟು ಪ್ರತಿಭೆ ಹೊರಗೆ ಬರುತ್ತಿತ್ತಾ?

ಯಂತ್ರದ ಗುಣ ನೋಡಿ. ಮಣ್ಣಿನೊಳಗೆ ಗೇಣು ಆಳದಲ್ಲಿರುವ ನಾಣ್ಯವನ್ನು ಹಿಡಿಯುತ್ತದೆ. ಸಿಕ್ಕಿದ್ದು ಕಬ್ಬಿಣವೋ ತಾಮ್ರವೋ ಎಂದು ಅಂದಾಜು ಹೇಳುತ್ತದೆ. ಪರದೆ ಕತ್ತಲಲ್ಲಿ ಜಗಜಗ ಹೊಳೆಯುತ್ತದೆ. ಹೆಡ್‌ಫೋನಿಗೆ ವೈರೂ ಬೇಡ. ನೆಲ ಮಾತ್ರ ಕಾಣುವುದಿಲ್ಲ. ದುಡ್ಡು ಕೊಟ್ಟವನು ಪರದೆ ನೋಡಿಕೊಂಡು ಖುಷಿಯಾಗಿರಬೇಕು, ಅಗೆಯುವುದು ಅವನ ಹಣೆಬರಹ. ಹಗಲು ಕಂಡ ಬಾವಿಗೆ ಇರುಳು ಬಿದ್ದವನನ್ನು ಕಂಡು ಹಿರಿಯರು ನಗುತ್ತಿದ್ದರು. ಇಲ್ಲಿ ಈಗಷ್ಟೇ ತಾನೇ ತೋಡಿದ ಗುಂಡಿಯನ್ನು ಕೈಯಾಡಿಸಿ ಹುಡುಕಬೇಕು.

ಕೆಲವು ಹೊಸ ಮಾದರಿಗಳಲ್ಲಿ ಪುಟ್ಟ ದೀಪ ಬಂದಿದೆ, ಇಲ್ಲ ಎನ್ನುವುದಿಲ್ಲ. ಅದನ್ನು ಜಾಹೀರಾತಿನಲ್ಲಿ ಸಾರುವ ಗತ್ತು ನೋಡಿದರೆ, ಬೆಂಕಿಯನ್ನು ಮೊದಲು ಕಂಡುಹಿಡಿದವರೂ ಇವರೇ ಇರಬೇಕು.

'ತಲೆಗೊಂದು ಹೆಡ್‌ಲ್ಯಾಂಪ್ ಕಟ್ಟಿಕೊಂಡರೆ ಆಯ್ತಲ್ವಾ?' ಎಂದು ಕೇಳುವ ಬುದ್ಧಿವಂತರೂ ಇದ್ದಾರೆ. ಆಯ್ತು, ಕಟ್ಟಿಕೊಳ್ಳಿ. ಸುತ್ತಲಿನ ಹುಳವೆಲ್ಲ ನಿಮ್ಮ ಮೂಗಿನ ಮೇಲೆ ಸಭೆ ಸೇರುತ್ತದೆ.

ಹೋಗಲಿ, ಮನೆಯಲ್ಲೇ ದೀಪ ಜೋಡಿಸೋಣ ಎಂದು ಹೊರಟವರಿಗೆ ಅಸಲಿ ಮಜಾ ಕಾದಿರುತ್ತದೆ. ಡಿಟೆಕ್ಟರಿನ ಕಾಯಿಲ್, ಅಂದರೆ ಕೋಲಿನ ಕೆಳತುದಿಯ ತಂತಿಸುರುಳಿ, ನೆಲದೊಳಗೆ ಸೆಕೆಂಡಿಗೆ ಸಾವಿರಾರು ಸಲ ಬದಲಾಗುವ ಕಾಂತಕ್ಷೇತ್ರವನ್ನು ಕಳಿಸುತ್ತದೆ. ಲೋಹದಿಂದ ವಾಪಸ್ ಬರುವ ತೀರಾ ಸಣ್ಣ ಸದ್ದಿಗೆ ಕಿವಿಗೊಟ್ಟು ಕೂತಿರುತ್ತದೆ. ನಾವು ತಂದು ಅಂಟಿಸುವ ಎಲ್‌ಇಡಿ ಸರ್ಕ್ಯೂಟ್ ಏನು ಮಾಡುತ್ತದೆ? ಬ್ಯಾಟರಿಯ ವೋಲ್ಟೇಜ್ ಏರಿಸಲು ಸೆಕೆಂಡಿಗೆ ಸಾವಿರಗಟ್ಟಲೆ, ಲಕ್ಷಗಟ್ಟಲೆ ಸಲ ಕರೆಂಟನ್ನು ಆನ್ ಆಫ್ ಮಾಡುತ್ತದೆ. ಬೆಳಕು ಜಾಸ್ತಿ ಕಮ್ಮಿ ಮಾಡುವ ಡಿಮ್ಮರಿನದೂ ಇದೇ ಚಾಳಿ. ಈ ಗದ್ದಲವನ್ನೂ ಡಿಟೆಕ್ಟರ್ ಲೋಹದ ಸದ್ದೆಂದೇ ತಿಳಿಯುತ್ತದೆ. ಫಲ ಏನು ಗೊತ್ತಾ? ಸ್ವಿಚ್ ಹಾಕಿದ ಕೂಡಲೇ ಎಲ್ಲೆಲ್ಲೂ ನಿಧಿ! ಹೆಜ್ಜೆಗೊಂದು ಕೊಪ್ಪರಿಗೆ! ಬ್ಯಾಟರಿಯನ್ನೂ ಸ್ಕ್ರೂಗಳನ್ನೂ ಕಾಯಿಲ್ ಪಕ್ಕದಲ್ಲೇ ಕೂರಿಸಿದ್ದರೆ ಇನ್ನೂ ಚೆನ್ನ. ಆಗ ದೀಪ ಆರಿಸಿದರೂ ನಿಧಿ ಬಿಟ್ಟು ಹೋಗುವುದಿಲ್ಲ.

ಈ ರೋಗ ಹೊಸದಲ್ಲ. 1881ರ ಜುಲೈನಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್‌ಗೆ ಗುಂಡೇಟು ಬಿತ್ತು. ಮೈಯೊಳಗಿನ ಗುಂಡು ಎಲ್ಲಿದೆ ಎಂದು ಹುಡುಕಲು ಬಂದವರು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್. ಕೈಯಲ್ಲಿ ತಾವೇ ಸಿದ್ಧ ಮಾಡಿದ ಲೋಹಶೋಧಕ. ಅಧ್ಯಕ್ಷರು ಮಲಗಿದ್ದು ಸ್ಪ್ರಿಂಗ್ ಹಾಸಿಗೆಯ ಮೇಲೆ. ಯಂತ್ರ ಹಾಸಿಗೆಯ ಉಕ್ಕನ್ನೇ ಕೇಳಿಸಿಕೊಂಡಿತು. ಅದು ಸಾಲದು ಎಂಬಂತೆ, ಗುಂಡು ಬಲಗಡೆಯೇ ಇದೆ ಎಂದು ಹಟ ಹಿಡಿದಿದ್ದ ವೈದ್ಯರು ಬಲಗಡೆ ಮಾತ್ರ ಹುಡುಕಲು ಬಿಟ್ಟರು. ಗುಂಡು ಇದ್ದದ್ದು ಎಡಗಡೆ. ಸೆಪ್ಟೆಂಬರಿನಲ್ಲಿ ಗಾರ್ಫೀಲ್ಡ್ ತೀರಿಕೊಂಡರು. ಯಂತ್ರ ಸುಳ್ಳು ಹೇಳಿರಲಿಲ್ಲ, ಪಾಪ. ಅಲ್ಲಿ ಲೋಹ ಇದ್ದದ್ದು ನಿಜವೇ. ಬೆಲ್ ಅವರಂಥ ಬೆಲ್ ಅವರಿಗೇ ಮಂಚ ಕೈಕೊಟ್ಟ ಮೇಲೆ, ಟೇಪು ಸುತ್ತಿಕೊಂಡು ಹೊರಟ ನಮ್ಮ ಪಾಡೇನು!

ಮದ್ದು ಮಾತ್ರ ಬಲು ಸುಲಭ. 9 ವೋಲ್ಟಿನ ಒಂದು ಪ್ರತ್ಯೇಕ ಬ್ಯಾಟರಿ. ಸಾಲಾಗಿ ಎರಡು ಬಿಳಿ ಎಲ್‌ಇಡಿ. ಒಂದೊಂದೂ ಸುಮಾರು 3 ವೋಲ್ಟ್ ನುಂಗುತ್ತದೆ. ಉಳಿದ 3 ವೋಲ್ಟಿಗೆ 150 ಓಮ್‌ನ ಒಂದು ರೆಸಿಸ್ಟರ್, ಕರೆಂಟಿಗೆ ಕಡಿವಾಣ ಹಾಕಲು. 20 ಮಿಲಿಆಂಪ್ ಹರಿಯುತ್ತದೆ, ಸದ್ದಿಲ್ಲ, ಗದ್ದಲವಿಲ್ಲ. ಕೋಲಿನ ಮೇಲ್ಭಾಗದಲ್ಲಿ, ಕಾಯಿಲಿನಿಂದ ದೂರ ಕಟ್ಟಿ, ವೈರು ಅಲ್ಲಾಡದಂತೆ ಬಿಗಿದರೆ ಮುಗಿಯಿತು.

ಇಷ್ಟೇ. ಇಷ್ಟನ್ನು ಕಾರ್ಖಾನೆಯಲ್ಲಿ ಮಾಡಲು ಆಗುವುದಿಲ್ಲವೇ? ಎರಡು ಎಲ್‌ಇಡಿ, ಒಂದು ರೆಸಿಸ್ಟರ್. ಪೆಟ್ಟಿಗೆಯ ಮೇಲಿನ ಬಣ್ಣಕ್ಕೇ ಇದಕ್ಕಿಂತ ಜಾಸ್ತಿ ಖರ್ಚಾಗಿರಬೇಕು. ಪೂರ್ತಿ ಬೆಲೆ ಕಕ್ಕಿದ ಮೇಲೂ ಅವರ ಅರ್ಧ ಕೆಲಸ ನಾವು ಮಾಡಬೇಕು. ಮಾಡುವಾಗ ಡಬ್ಬಿ ಬಿಚ್ಚಿದರೆ ವಾರಂಟಿ ಹೋಯಿತು ಎಂಬ ಬೆದರಿಕೆ ಬೇರೆ. ಇದನ್ನೆಲ್ಲ ಜಾಣತನ ಎಂದು ಚಪ್ಪಾಳೆ ತಟ್ಟಿ ತಟ್ಟಿ ನನಗಂತೂ ಸುಸ್ತಾಗಿದೆ.

ಒಮ್ಮೊಮ್ಮೆ ಒಂದು ಕೆಟ್ಟ ಅನುಮಾನ ಬರುತ್ತದೆ. ಕತ್ತಲಲ್ಲಿ ದೀಪವೇ ಬೇಡ ಎನ್ನುವ ಗಿರಾಕಿಗಳೂ ಇದ್ದಾರಲ್ಲ. ಇಂಗ್ಲೆಂಡಿನಲ್ಲಿ ಅವರನ್ನು ನೈಟ್‌ಹಾಕ್ ಎನ್ನುತ್ತಾರೆ. ಅಪ್ಪಣೆ ಇಲ್ಲದೆ ಪರರ ಹೊಲಕ್ಕೆ, ಹಳೆಯ ಕೋಟೆ ಕೊತ್ತಲಕ್ಕೆ ರಾತ್ರಿ ನುಗ್ಗಿ ಅಗೆಯುವವರು. ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿ ಇಲ್ಲದೆ ಡಿಟೆಕ್ಟರ್ ಬಳಸುವುದು ಅಲ್ಲಿನ 1979ರ ಕಾನೂನಿನ ಪ್ರಕಾರ ಅಪರಾಧ. ಅವರಿಗೆ ಹೊಳೆಯುವ ದೀಪ ಎಂದರೆ ಪೊಲೀಸರಿಗೆ ಕಳಿಸಿದ ಕರೆಯೋಲೆ. ಆ ವರ್ಗದ ಅನುಕೂಲವನ್ನು ನಮ್ಮ ತಯಾರಕರು ತಿಳಿಯದೆಯೇ ಎಷ್ಟು ಚೆನ್ನಾಗಿ ನೋಡಿಕೊಂಡಿದ್ದಾರೆ! ಅಪ್ಪಣೆ ಕೇಳಿ, ಜನ ಹೋದ ಮೇಲೆ ಸಮುದ್ರದಂಡೆಯಲ್ಲಿ ಉಂಗುರ ಹುಡುಕುವ ಬಡಪಾಯಿ ಮಾತ್ರ ಟೇಪು ಸುತ್ತುತ್ತಾ ಕೂರಬೇಕು.

ಇತ್ತೀಚೆಗೆ ಕೆಂಪು ದೀಪದ ಪಂಗಡ ಹುಟ್ಟಿಕೊಂಡಿದೆ. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು, ಬಿಳಿ ಬೆಳಕು ಅದನ್ನು ಒಂದು ಕ್ಷಣದಲ್ಲಿ ಕೆಡಿಸುತ್ತದೆ, ಮಂದ ಕೆಂಪು ಅಷ್ಟು ಕೆಡಿಸುವುದಿಲ್ಲ ಎಂಬುದು ಇವರ ವಾದ. ಸರಿಯಾದ ವಾದವೇ. ಆದರೆ ಕೆಂಪು ಬೆಳಕಿನಲ್ಲಿ ತಾಮ್ರದ ನಾಣ್ಯ, ತುಕ್ಕು ಹಿಡಿದ ಮೊಳೆ, ಮಣ್ಣಿನ ಹೆಂಟೆ ಎಲ್ಲ ಒಂದೇ ಬಣ್ಣ. ಹಾಗಾಗಿ ನಡೆಯಲು ಕೆಂಪು, ಅಗೆಯಲು ಬಿಳಿ, ಸ್ವಿಚ್ ಎರಡು. ಕತ್ತಲಲ್ಲಿ ಯಾವ ಸ್ವಿಚ್ ಯಾವುದರದ್ದು ಎಂದು ನೋಡಲು ಜೇಬಿನಿಂದ ಫೋನ್ ತೆಗೆದು ಟಾರ್ಚ್ ಹಾಕಬೇಕು. ಫೋನ್ ಹತ್ತಿರ ಬಂದ ಕೂಡಲೇ ಡಿಟೆಕ್ಟರ್ ಮತ್ತೆ ಕೂಗುತ್ತದೆ.