ಯಾವ ಥಿಯೇಟರ್?

ಮದುವೆಮನೆಯ ಎರಡನೇ ಪಂಕ್ತಿ. ಕೋಸಂಬರಿ, ಪಲ್ಯ ಆಗಿ ಹೋಳಿಗೆ ಬರುವ ಹೊತ್ತು. ನನ್ನ ಪಕ್ಕದ ಎಲೆಗೆ ಕೂತಿದ್ದ ಹುಡುಗ, ದೂರದ ಸಂಬಂಧಿ, ತನ್ನ ಸ್ನೇಹಿತನಿಗೆ ಹೇಳುತ್ತಿದ್ದ, 'ಬಂಗಾರದ ಮನುಷ್ಯ' ಕಪಾಲಿಯಲ್ಲಿ ಎರಡು ವರ್ಷ ಓಡಿತ್ತಂತೆ ಅಂತ. ಸುಮ್ನೆ ಊಟ ಮಾಡಿ ಏಳಬಹುದಿತ್ತು. ಆಗಲಿಲ್ಲ. "ಕಪಾಲಿ ಅಲ್ಲಪ್ಪಾ, ಸ್ಟೇಟ್ಸ್" ಅಂದೆ. "ಯಾವುದೋ ಒಂದು ಬಿಡಿ ಅಂಕಲ್, ಎಲ್ಲಾ ಮೆಜೆಸ್ಟಿಕ್ ಕಡೆಯವೇ ತಾನೇ" ಅಂದ.

ಯಾವುದೋ ಒಂದಂತೆ! ಹೋಳಿಗೆಯವನು ನನ್ನ ಎಲೆ ದಾಟಿ ಹೋಗಿದ್ದು ಕೂಡ ಗೊತ್ತಾಗಲಿಲ್ಲ.

1972ರಲ್ಲಿ ಬಂದ ಆ ಸಿನಿಮಾ ಓಡಿದ್ದು ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಥಿಯೇಟರಿನಲ್ಲಿ. ಆಮೇಲೆ ಅದೇ ಭೂಮಿಕಾ ಆಯಿತು. ಎರಡು ವರ್ಷ ಅಂದರೆ ಸುಮ್ನೆ ಅಲ್ಲ. ಮೊದಲ ವಾರ ಹೊಸದಾಗಿ ಮದುವೆಯಾಗಿ ನೋಡಿದ ಜೋಡಿ, ಕೊನೆಯ ವಾರ ಮಗು ಎತ್ತಿಕೊಂಡು ಬಂದು ಇನ್ನೊಂದು ಸಲ ನೋಡಬಹುದಿತ್ತು. ಇನ್ನು ಕಪಾಲಿಯದ್ದು ಬೇರೆಯದೇ ಕಥೆ. 1968ರಲ್ಲಿ ಮೊರಾರ್ಜಿ ದೇಸಾಯಿ ಬಂದು ಉದ್ಘಾಟನೆ ಮಾಡಿದ್ದು, 1,400ಕ್ಕೂ ಜಾಸ್ತಿ ಸೀಟು, ಸಿನೆರಮಾ ಅನ್ನುವ ಬಾಗಿದ ಅಗಲ ಪರದೆಯ ಹೆಗ್ಗಳಿಕೆ. ಬಾಗಿಲು ಮುಚ್ಚುವ ತನಕ ಅಲ್ಲಿ 'ಓಂ' ಮತ್ತೆ ಮತ್ತೆ ಬಂದು ಹೋಗುತ್ತಿತ್ತು. 1995ರ ಸಿನಿಮಾ, ಆಮೇಲೆ ಯಾವ ಥಿಯೇಟರಿಗೆ ಹೊಸ ಸಿನಿಮಾ ಸಿಗದಿದ್ದರೂ ಕೈ ಹಿಡಿದಿದ್ದು ಅದೇ. ಇವೆರಡನ್ನೂ ಒಂದೇ ಮಾಡಿಬಿಟ್ಟರೆ ಹೇಗೆ? ಮಾವನನ್ನು ಚಿಕ್ಕಪ್ಪ ಅಂತ ಪರಿಚಯ ಮಾಡಿಕೊಟ್ಟ ಹಾಗಾಯಿತು.

ಆಗ ಸಿನಿಮಾಕ್ಕೆ ವಿಳಾಸ ಇರುತ್ತಿತ್ತು, ಅದು ನನ್ನ ತಕರಾರು. ಗಾಂಧಿನಗರದವರ ಮಾತಿನಲ್ಲಿ ಮೇನ್ ಥಿಯೇಟರ್. ಊರಲ್ಲಿ ಬೇರೆ ಕಡೆಯೂ ಅದೇ ಚಿತ್ರ ನಡೆಯುತ್ತಿರಬಹುದು, ಆದರೆ ಕಟೌಟ್ ನಿಲ್ಲುವುದು ಒಂದು ಕಡೆ, ಹಾರ ಬೀಳುವುದು ಒಂದು ಕಡೆ, ಮೊದಲ ದಿನ ಹೀರೋ ಬಂದು ಕೈ ಬೀಸುವುದೂ ಅಲ್ಲೇ. ಸಂತೋಷ್, ನರ್ತಕಿ, ಸಾಗರ್, ತ್ರಿವೇಣಿ, ಅನುಪಮ, ಮೇನಕಾ. ಪೇಪರಿನ ಜಾಹೀರಾತಿನಲ್ಲಿ ಮೇಲೆ ದಪ್ಪಕ್ಷರದಲ್ಲಿ ಮೇನ್ ಥಿಯೇಟರ್, ದಿನಾ 4 ಆಟ. ಕೆಳಗೆ ಇರುವೆ ಸಾಲಿನ ಹಾಗೆ ಉಳಿದ ಊರುಗಳು. ಆ ದಪ್ಪಕ್ಷರಕ್ಕೋಸ್ಕರ ನಿರ್ಮಾಪಕರು ಪಟ್ಟ ಪಾಡು ಕೇಳಬೇಡಿ. ಥಿಯೇಟರಿಗೆ ವಾರದ ಬಾಡಿಗೆ ಕಟ್ಟಬೇಕು, ಜನ ಬಂದರೂ ಅಷ್ಟೇ ಬರದಿದ್ದರೂ ಅಷ್ಟೇ. ಐವತ್ತನೇ ದಿನಕ್ಕೆ ಜನ ಕರಗಿದರೆ ಪಕ್ಕದ ಸಣ್ಣ ಥಿಯೇಟರಿಗೆ 'ಶಿಫ್ಟಿಂಗ್'. ಅಂತೂ ನೂರನೇ ದಿನ ಶೀಲ್ಡ್ ಹಂಚುವ ಹೊತ್ತಿಗೆ ಪೆಟ್ಟಿಗೆಯಲ್ಲಿ ಎಷ್ಟು ಉಳಿದಿರುತ್ತಿತ್ತು ಅನ್ನುವುದು ಅವರಿಗೂ ದೇವರಿಗೂ ಮಾತ್ರ ಗೊತ್ತು.

ಇದಕ್ಕೆಲ್ಲ ಮೂಲ ಕಾರಣ ಪ್ರಿಂಟು. ಪ್ರಿಂಟಿಗೆ ದುಡ್ಡು ಜಾಸ್ತಿ, ಹಾಗಾಗಿ ಹಾಕಿಸುವುದೇ ಕೆಲವು. ಅವು ಮೊದಲು ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳಲ್ಲಿ ತಿರುಗಿ, ಆಮೇಲೆ ತಾಲ್ಲೂಕು, ಕೊನೆಗೆ ಜಾತ್ರೆ ಬಯಲಿನ ಟೆಂಟಿಗೆ ಬರುವಷ್ಟರಲ್ಲಿ ಗೆರೆ ಬಿದ್ದೂ ಬಿದ್ದೂ ಎಲ್ಲಾ ದೃಶ್ಯದಲ್ಲೂ ಮಳೆ. ಮಾತಿನ ಮಧ್ಯೆ ಕತ್ತರಿಸಿ ಅಂಟಿಸಿದ್ದರಿಂದ ಹೀರೋಯಿನ್ ಬಾಗಿಲ ಹತ್ತಿರ ನಿಂತವಳು ಕಣ್ಣು ಮಿಟುಕಿಸುವುದರೊಳಗೆ ಮಂಚದ ಮೇಲೆ ಅಳುತ್ತಾ ಕೂತಿರುತ್ತಿದ್ದಳು. ನಮಗೆ ಏನೂ ಅನ್ನಿಸುತ್ತಿರಲಿಲ್ಲ, ನಡುವೆ ಏನಾಗಿರಬಹುದು ಅಂತ ಊಹಿಸಿಕೊಳ್ಳುತ್ತಿದ್ದೆವು.

ಪ್ರಿಂಟು ಅಂದಾಗ ನಮ್ಮೂರಿನ ವಿಷಯ ಹೇಳಲೇಬೇಕು.

ನಮ್ಮೂರಲ್ಲಿ ಎರಡು ಥಿಯೇಟರ್. ಒಂದು ಬಸ್‌ಸ್ಟ್ಯಾಂಡ್ ಪಕ್ಕ, ಇನ್ನೊಂದು ರೈಲ್ವೆ ಗೇಟಿನ ಆಚೆ. ದೊಡ್ಡ ಚಿತ್ರ ಬಂದರೆ ಎರಡೂ ಕಡೆ ಹಾಕಬೇಕು, ಆದರೆ ಹಂಚಿಕೆದಾರರು ಕೊಡುವುದು ಒಂದೇ ಪ್ರಿಂಟು. ಅದಕ್ಕೊಂದು ಉಪಾಯ. ಬಸ್‌ಸ್ಟ್ಯಾಂಡಿನಲ್ಲಿ ಮುಕ್ಕಾಲು ಗಂಟೆ ಮೊದಲು ಶುರು. ಅಲ್ಲಿ ಮುಗಿದ ರೀಲನ್ನು ಸುತ್ತಿ ಡಬ್ಬಕ್ಕೆ ಹಾಕಿದರೆ, ಒಬ್ಬ ಅದನ್ನು ಸೈಕಲ್ ಕ್ಯಾರಿಯರಿಗೆ ಹಳೇ ಟ್ಯೂಬಿನಿಂದ ಬಿಗಿದು ಗೇಟಿನ ಆಚೆ ಮುಟ್ಟಿಸಬೇಕು. ಅವನನ್ನು ಇಡೀ ಊರು ರೀಲಣ್ಣ ಅಂತಲೇ ಕರೆಯುತ್ತಿತ್ತು. ಲೆಕ್ಕ ಸರಳ: 1,000 ಅಡಿ ರೀಲು ಓಡುವುದು 11 ನಿಮಿಷ. ಎರಡೂವರೆ ಗಂಟೆಯ ಸಿನಿಮಾ ಅಂದರೆ ಹೆಚ್ಚೂ ಕಡಿಮೆ 4 ಕಿಲೋಮೀಟರ್ ಉದ್ದದ ಫಿಲಂ. ನಮ್ಮೂರೇ ಅಷ್ಟು ಉದ್ದ ಇರಲಿಲ್ಲ.

ಒಂದು ಭಾನುವಾರ ಫಸ್ಟ್ ಶೋ. ಗೇಟಿನ ಆಚೆಯ ಥಿಯೇಟರಿನಲ್ಲಿ ಅಮ್ಮ, ಅತ್ತೆ, ಪಕ್ಕದ ಮನೆಯವರು, ನಾನು. ಇಂಟರ್ವಲ್ ಕಳೆದಿದೆ. ಹೀರೋನ ತಂಗಿಯನ್ನು ಎತ್ತಿಕೊಂಡು ಹೋಗಿದ್ದಾರೆ, ಅವನು ಬುಲೆಟ್ ಒದ್ದು ಸ್ಟಾರ್ಟ್ ಮಾಡಿದ್ದಾನೆ. ಪರದೆ ಬಿಳೀ ಆಯಿತು. ಶಿಳ್ಳೆ. ಲೈಟ್ ಹಾಕಿದರು. ಸ್ವಲ್ಪ ಹೊತ್ತಿಗೆ ಸ್ಲೈಡ್ ಬಂತು: ಧೂಮಪಾನ ಮಾಡಬಾರದು, ಮುಂದಿನ ಕುರ್ಚಿಗೆ ಕಾಲು ಕೊಡಬಾರದು, ನಮ್ಮೂರಿನ ಟೈಲರ್ ಅಂಗಡಿ, ಮತ್ತೆ ಧೂಮಪಾನ. ಜನ ಬಿಡುತ್ತಾರಾ? ಮ್ಯಾನೇಜರ್ ಕೊನೆಗೆ ಆಟಕ್ಕೆ ಮೊದಲು ತೋರಿಸಿದ್ದ ಸರ್ಕಾರಿ ಸಾಕ್ಷ್ಯಚಿತ್ರವನ್ನೇ ಇನ್ನೊಂದು ಸಲ ಹಾಕಿಸಿದರು. ಗೋಧಿ ಬೆಳೆಯುವುದು ಹೇಗೆ ಅಂತ. ರಾಗಿ ತಿನ್ನುವ ಊರಿಗೆ, ಎರಡೆರಡು ಸಲ!

ಅಷ್ಟರಲ್ಲಿ ಗಾಂಧಿ ಕ್ಲಾಸಿನ, ಅಂದರೆ ಪರದೆ ಮುಂದಿನ ಅಗ್ಗದ ಸೀಟುಗಳ, ಗಂಡಸರು ಎದ್ದು ಗೇಟಿನ ಕಡೆ ಹೊರಟಿದ್ದರು. ನೋಡಿದರೆ ಗೇಟ್ ಹಾಕಿದೆ, ಹಳಿಯ ಮೇಲೆ ಗೂಡ್ಸ್ ರೈಲು ಅಲ್ಲಾಡದೆ ನಿಂತಿದೆ, ಅದರಾಚೆ ರೀಲಣ್ಣ ಸೈಕಲ್ಲಿಗೆ ಒರಗಿ ಬೀಡಿ ಸೇದುತ್ತಿದ್ದಾನೆ. ರೈಲಿನ ಇಂಜಿನ್ ಎಲ್ಲಿದೆಯೋ, ಸಿಗ್ನಲ್ ಯಾವಾಗ ಬೀಳುತ್ತದೋ. ಒಬ್ಬ ಪುಣ್ಯಾತ್ಮ ಪಂಚೆ ಎತ್ತಿಕಟ್ಟಿ ಎರಡು ವ್ಯಾಗನ್ನುಗಳ ಕೊಂಡಿಯ ಕೆಳಗೆ ನುಗ್ಗಿ ಡಬ್ಬಗಳನ್ನು ಇಸಿದುಕೊಂಡು ಬಂದೇಬಿಟ್ಟ. ಇವತ್ತು ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ. ಅವತ್ತು ಮಾತ್ರ ಅವನನ್ನು ಹೆಚ್ಚೂ ಕಡಿಮೆ ಹೊತ್ತುಕೊಂಡೇ ಬಂದರು, ಅವನ ಹಿಂದೆ ಡಬ್ಬಗಳ ಮೆರವಣಿಗೆ.

ಡಬ್ಬದ ಮೇಲೆ ಬಣ್ಣದಲ್ಲಿ ಬರೆದ ನಂಬರ್ ಉಜ್ಜಿ ಹೋಗಿತ್ತು. ಆಪರೇಟರ್ ಮೇಲಿನ ಕಿಂಡಿಯಿಂದ ಕೇಳುವ ಗಲಾಟೆಗೆ ಗಾಬರಿಯಾಗಿ ಕೈಗೆ ಸಿಕ್ಕ ರೀಲನ್ನು ಏರಿಸಿಬಿಟ್ಟ. ಪರದೆಯ ಮೇಲೆ ತಂಗಿಯ ಮದುವೆ. ಪೊಲೀಸ್ ಇನ್ಸ್‌ಪೆಕ್ಟರ್ ಅಕ್ಷತೆ ಹಾಕುತ್ತಿದ್ದಾನೆ. ಅದು ಮುಗಿದ ಮೇಲೆ ತಂಗಿ ಕಂಬಕ್ಕೆ ಕಟ್ಟಿಸಿಕೊಂಡು "ಅಣ್ಣಾ" ಅಂತ ಕೂಗುತ್ತಿದ್ದಾಳೆ, ಮೈ ಮೇಲೆ ಹಳೇ ಸೀರೆ. ಬಾಲ್ಕನಿಯಲ್ಲಿ ಒಬ್ಬರು, ಮೇಷ್ಟ್ರು ಅನ್ನಿಸುತ್ತದೆ, ಎದ್ದು ನಿಂತು "ರೀಲು ತಪ್ಪಾಗಿದೆ" ಅಂತ ಕೂಗಿದರು. "ಕೂತ್ಕೊಳ್ರೀ, ಕಾಣ್ತಿಲ್ಲ" ಅಂತ ಹಿಂದಿನಿಂದ ಬಂತು. ಯಾರಿಗೂ ತೊಂದರೆಯಾಗಲಿಲ್ಲ. ನಮ್ಮಮ್ಮ ಇವತ್ತಿಗೂ ಆ ಸಿನಿಮಾದ ಕಥೆ ಹೇಳುವುದು ಅದೇ ವರಸೆಯಲ್ಲಿ: ಪಾಪ, ಮದುವೆಯಾದ ಮೇಲೆ ಆ ಹುಡುಗೀನ ಕಂಬಕ್ಕೆ ಕಟ್ಟಿಹಾಕಿದರು ಅಂತ. ಮೊನ್ನೆ ಟೀವಿಯಲ್ಲಿ ಅದೇ ಚಿತ್ರ ಸರಿಯಾದ ಕ್ರಮದಲ್ಲಿ ಬಂದಾಗ, "ಟೀವಿಯವರು ಏನೇನೋ ಕತ್ತರಿಸಿ ಹಾಳು ಮಾಡ್ತಾರೆ" ಅಂದರು. ನಾನು ತಿದ್ದಲಿಲ್ಲ.

ಹೀಗೆ ಆಗಿದ್ದು ನಮ್ಮಂಥ ಊರಲ್ಲಿ ಮಾತ್ರ ಅಂದುಕೊಳ್ಳಬೇಡಿ. 'ಶೋಲೆ' ತೆಗೆದಿದ್ದು ನಮ್ಮ ರಾಮನಗರದ ಬಂಡೆಗಳ ಮಧ್ಯೆ. ದೊಡ್ಡ ಪರದೆಗೆ ಅಂತ 70 ಎಂಎಂ ಪ್ರಿಂಟನ್ನು ಹೊರದೇಶದಲ್ಲಿ ಮಾಡಿಸಿದ್ದರು. 1975ರ ಆಗಸ್ಟ್‌ನಲ್ಲಿ ಬಾಂಬೆಯ ಮಿನರ್ವಾದಲ್ಲಿ ಪ್ರೀಮಿಯರ್, ಗಣ್ಯರೆಲ್ಲ ಬಂದು ಕೂತಿದ್ದಾರೆ, ಪ್ರಿಂಟು ಮಾತ್ರ ಕಸ್ಟಮ್ಸ್‌ನಲ್ಲಿ ಸಿಕ್ಕಿಹಾಕಿಕೊಂಡಿದೆ. ಕೊನೆಗೆ ಅವತ್ತು 35 ಎಂಎಂ ಪ್ರಿಂಟನ್ನೇ ತೋರಿಸಿದರು. ಕಸ್ಟಮ್ಸ್ ಗೇಟಾದರೇನು, ರೈಲ್ವೆ ಗೇಟಾದರೇನು. ಆಮೇಲೆ ಅದೇ ಮಿನರ್ವಾದಲ್ಲಿ ಆ ಚಿತ್ರ ಐದು ವರ್ಷ ಓಡಿತು. ಬಂಡೆ ನಮ್ಮದು, ಬಿಸಿಲು ನಮ್ಮದು, ಐದು ವರ್ಷದ ಹೆಸರು ಮಾತ್ರ ಮಿನರ್ವಾಗೆ. ಇದರ ಬಗ್ಗೆ ನನಗೆ ಇವತ್ತಿಗೂ ಸ್ವಲ್ಪ ಹೊಟ್ಟೆಕಿಚ್ಚಿದೆ.

ಹಾಗಂತ ಹಳೇ ಥಿಯೇಟರುಗಳ ಫೋಟೋ ಹಾಕಿ ಕಣ್ಣೀರಿಡುವವರ ಗುಂಪಿಗೆ ನನ್ನನ್ನು ಸೇರಿಸಬೇಡಿ. 2017ರಲ್ಲಿ ಕಪಾಲಿ ಮುಚ್ಚಿದಾಗ ಎಷ್ಟು ಜನ ಅತ್ತರು! ಅಷ್ಟು ಜನ ಅದರ ಹಿಂದಿನ ಶುಕ್ರವಾರ ಟಿಕೆಟ್ ತಗೊಂಡಿದ್ದರೆ ಬಾಲ್ಕನಿಯಾದರೂ ತುಂಬುತ್ತಿತ್ತು. ಇನ್ನು ಆ ಕಾಲದ ಥಿಯೇಟರುಗಳ ಟಾಯ್ಲೆಟ್ ಬಗ್ಗೆ ಯಾರೂ ಒಂದು ಸಾಲೂ ಬರೆಯುವುದಿಲ್ಲ, ಗಮನಿಸಿದ್ದೀರಾ? ಮೂಗು ಮುಚ್ಚಿಕೊಂಡು ಹೋಗಿ ಉಸಿರು ಬಿಗಿಹಿಡಿದು ಬರುತ್ತಿದ್ದವರೇ ಈಗ "ಆ ಥಿಯೇಟರಿನ ವಾಸನೆಯೇ ಬೇರೆ" ಅಂತ ಬರೆಯುತ್ತಾರೆ. ಬೇರೆಯೇ, ಒಪ್ಪುತ್ತೇನೆ. ತಿಗಣೆ, ಹರಿದ ರೆಕ್ಸಿನ್, ಟಿಕೆಟ್ ಕೌಂಟರಿನ ಮುಂದಿನ ಆ ಇಕ್ಕಟ್ಟಾದ ಕಬ್ಬಿಣದ ಗೂಡು, ಅದರೊಳಗೆ ಹಿಂದಿನವನ ಬೆವರೆಲ್ಲ ನಮ್ಮ ಬೆನ್ನಿಗೆ. ಇಷ್ಟೆಲ್ಲ ಪಟ್ಟು ಕಿಂಡಿ ಮುಟ್ಟಿದರೆ ಹೌಸ್‌ಫುಲ್ ಬೋರ್ಡು, ಪಕ್ಕದಲ್ಲೇ ಬ್ಲ್ಯಾಕ್ ಟಿಕೆಟಿನವನು.

ಈಗ ಅದೆಲ್ಲ ಇಲ್ಲ, ಒಳ್ಳೆಯದೇ. ಸಿನಿಮಾ ಸ್ಯಾಟಲೈಟಿನಿಂದಲೋ ಹಾರ್ಡ್‌ಡಿಸ್ಕಿನಲ್ಲೋ ಬರುತ್ತದೆ, ಯಾವ ಗೇಟೂ ತಡೆಯುವುದಿಲ್ಲ. ಶುಕ್ರವಾರ ಬೆಳಿಗ್ಗೆ ಎಲ್ಲಾ ಊರಲ್ಲೂ ಒಟ್ಟಿಗೇ, ಸೋಮವಾರ ಎಲ್ಲಾ ಊರಲ್ಲೂ ಒಟ್ಟಿಗೇ ಖಾಲಿ. 'ಮುಂಗಾರು ಮಳೆ' 2006ರ ಕೊನೆಗೆ ಬಂದು ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ವರ್ಷಕ್ಕೂ ಮೀರಿ ಓಡಿತಲ್ಲ, ಅದನ್ನು ನಾನೂ ನೋಡಿದ್ದೇನೆ. ಯಾವ ಸ್ಕ್ರೀನಿನಲ್ಲಿ ಅಂತ ಕೇಳಿದರೆ ನನಗೂ ಹೇಳಲು ಬರುವುದಿಲ್ಲ. ಎಲ್ಲಾ ಒಂದೇ ಥರದ ಕಾರ್ಪೆಟ್ಟು, ಒಂದೇ ಥರದ ಕತ್ತಲು. ಆ ಮದುವೆಮನೆಯ ಹುಡುಗನಿಗೆ ಯಾವುದೋ ಒಂದು ಅನ್ನಿಸಿದ್ದರಲ್ಲಿ ಆಶ್ಚರ್ಯ ಏನಿಲ್ಲ ಬಿಡಿ. ಆದರೂ ಸ್ಟೇಟ್ಸ್ ಅಂತ ಒಂದು ಸಲ ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಹೋದ ತಿಂಗಳು ಮಾಲಿನಲ್ಲಿ ಒಂದು ಹೊಸ ಚಿತ್ರ ನೋಡಿ ಮನೆಗೆ ಬಂದೆ. ಅಮ್ಮ ಬಾಗಿಲಲ್ಲೇ ಕೇಳಿದರು.

"ಯಾವ ಥಿಯೇಟರ್?"

ಮಾಲಿನ ಹೆಸರು ಹೇಳಿದೆ.

"ಅದು ಬಟ್ಟೆ ಅಂಗಡಿ ಅಲ್ವೇನೋ?"

"ಮೇಲುಗಡೆ ಸಿನಿಮಾನೂ ಇದೆ ಅಮ್ಮ."

"ಎಷ್ಟು ಸಲ ನಿಂತ್ಹೋಯ್ತು?"

"ಒಂದು ಸಲಾನೂ ಇಲ್ಲ."

"ಹಾಗಾದ್ರೆ ಜನಾನೇ ಇರಲಿಲ್ಲ ಅನ್ನು" ಅಂದು ಅಡುಗೆಮನೆಗೆ ಹೋದರು. ನಿಜ ಹೇಳಬೇಕೆಂದರೆ ಒಂಬತ್ತು ಜನ ಇದ್ದೆವು.